ಬಡಿಯುವ ಹೃದಯದಲ್ಲಿ ಕವಾಟ ಕೂರಿಸಿದ ಕಥೆ

2020ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ಸೈಂಟಿಫಿಕ್ ಕಂಪನಿಯು ‘ಲೋಟಸ್ ಎಡ್ಜ್’ ಎಂಬ ಕೃತಕ ಹೃದಯ ಕವಾಟವನ್ನು ಎಲ್ಲ ದೇಶಗಳ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ಅದಕ್ಕೆ ದೊರೆತು ಒಂದೂವರೆ ವರ್ಷವಷ್ಟೇ ಆಗಿತ್ತು. ಹಾಗಾದರೆ ಕವಾಟ ಕೆಟ್ಟದ್ದಾಗಿತ್ತೆ? ಇಲ್ಲ. ಅಂಚಿನಲ್ಲಿ ರಕ್ತ ಸೋರುವುದನ್ನು ತಡೆಯುವುದರಲ್ಲಿ ಅದು ತನ್ನ ಪ್ರತಿಸ್ಪರ್ಧಿಗಿಂತ ಮೇಲಾಗಿತ್ತು. ಅದಾಗಲೇ ಅದನ್ನು ಹಾಕಿಸಿಕೊಂಡ ರೋಗಿಗಳಿಗೆ ಅಪಾಯವಿಲ್ಲವೆಂದು ಕಂಪನಿಯೇ ತಿಳಿಸಿತು. ತೊಂದರೆ ಇದ್ದದ್ದು ಬೇರೆ ಕಡೆ. ಕವಾಟವನ್ನು ರಕ್ತನಾಳದೊಳಗಿಂದ ಹೃದಯದವರೆಗೆ ಒಯ್ದು, ತಕ್ಕ ಜಾಗದಲ್ಲಿ ಕೂರಿಸಿ, ಅಲ್ಲೇ ಬಿಟ್ಟು ಹೊರಬರಬೇಕಾದ ಸಾಧನ ಬಹಳ ಜಟಿಲವಾಗಿತ್ತು. ಅದನ್ನು ಸುಧಾರಿಸಲು ಹಿಡಿಯುವ ಕಾಲ, ತಗಲುವ ಹಣ ಲೆಕ್ಕ ಹಾಕಿ ಕಂಪನಿ ಆ ಕೆಲಸವನ್ನೇ ಕೈಬಿಟ್ಟಿತು.

ಕೃತಕ ಕವಾಟಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕವಾಟವನ್ನೇ ಕುರಿತು ಬರೆಯುತ್ತಾರೆ. ಅದನ್ನು ಹೊತ್ತೊಯ್ಯುವ ನಳಿಕೆ, ತಂತಿ, ಹಿಡಿಕೆಗಳು ಕೊನೆಯಲ್ಲಿ ಒಂದು ಸಾಲಿಗೆ ಬಂದರೆ ಹೆಚ್ಚು. ಆದರೆ ಎದೆಯನ್ನು ತೆರೆಯದೆ ಕವಾಟ ಹಾಕುವ ವಿದ್ಯೆ ತಡವಾದದ್ದು ಮುಖ್ಯವಾಗಿ ಈ ‘ಹಮಾಲಿ’ ಸಾಧನದ ದೆಸೆಯಿಂದ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಅದರ ಕಥೆಗೇ ಹೆಚ್ಚು ಜಾಗ.

ಬಲದ ಲೆಕ್ಕ

ಹೃದಯದ ಎಡ ಹೃತ್ಕುಕ್ಷಿಗೂ ಮಹಾಪಧಮನಿಗೂ ನಡುವೆ ಮೂರು ದಳಗಳ ಒಂದು ಕವಾಟವಿದೆ. ಇದೇ ಮಹಾಪಧಮನಿ ಕವಾಟ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಅದು ತೆರೆದು ಮುಚ್ಚುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಈ ದಳಗಳ ಮೇಲೆ ಕ್ಯಾಲ್ಸಿಯಂ ಲವಣಗಳು ಶೇಖರವಾಗಿ, ದಳಗಳು ಪಾತ್ರೆಯ ತಳಕ್ಕೆ ಹತ್ತಿದ ಸುಣ್ಣದ ಪದರದಂತೆ ಗಡುಸಾಗುತ್ತವೆ. ರಂಧ್ರ ಕಿರಿದಾಗುತ್ತದೆ. ನಡೆದರೆ ಉಸಿರು ಕಟ್ಟುವುದು, ಎದೆನೋವು, ತಲೆ ತಿರುಗಿ ಬೀಳುವುದು ಇವೆಲ್ಲ ಆರಂಭವಾದ ಮೇಲೆ ಚಿಕಿತ್ಸೆ ಇಲ್ಲದಿದ್ದರೆ ರೋಗಿ ಬದುಕುವುದು ಕೆಲವೇ ವರ್ಷ. ಈ ಕಾಯಿಲೆಯನ್ನು ಗುಣಪಡಿಸುವ ಔಷಧಿ ಇಲ್ಲ, ಕವಾಟವನ್ನೇ ಬದಲಾಯಿಸಬೇಕು.

ಎದೆಯನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಹೃದಯವನ್ನು ನಿಲ್ಲಿಸಿ, ರಕ್ತ ಸಂಚಾರವನ್ನು ಯಂತ್ರಕ್ಕೆ ವಹಿಸಿ, ಹಳೆಯ ಕವಾಟವನ್ನು ಕತ್ತರಿಸಿ ತೆಗೆದು, ಹೊಸದನ್ನು ಸುತ್ತಲೂ ಹೊಲಿಯುತ್ತಾರೆ. ಶಸ್ತ್ರವೈದ್ಯರಿಗೆ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ನಳಿಕೆಯ ಮೂಲಕ ಹಾಕುವಾಗ ಈ ಅನುಕೂಲಗಳಲ್ಲಿ ಒಂದೂ ಇಲ್ಲ. ಹೃದಯ ಬಡಿಯುತ್ತಲೇ ಇರುತ್ತದೆ. ಹಳೆಯ ಕವಾಟ ಅಲ್ಲೇ ಇರುತ್ತದೆ. ಹೊಲಿಗೆ ಹಾಕುವಂತಿಲ್ಲ. ಕಾಣುವುದು ಕ್ಷ-ಕಿರಣದ ಪರದೆಯ ಮೇಲಿನ ನೆರಳು ಮಾತ್ರ.

ಕವಾಟವನ್ನು ಒಂದು ಬಲೂನಿನ ಮೇಲೆ ಇಟ್ಟು ಉಬ್ಬಿಸಿದೆವು ಎಂದುಕೊಳ್ಳಿ. ಬಲೂನಿನ ವ್ಯಾಸ 23 ಮಿ.ಮೀ. ಆದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 4.15 ಚದರ ಸೆಂ.ಮೀ. ಆ ಕ್ಷಣದಲ್ಲಿ ಅದು ಹೃದಯದ ಹೊರದಾರಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಹೃತ್ಕುಕ್ಷಿ ಮಾತ್ರ ಎಂದಿನಂತೆ ಸಂಕೋಚಿಸುತ್ತದೆ. ಬಲೂನಿನ ಎರಡು ಬದಿಗಳ ಒತ್ತಡದಲ್ಲಿ 100 ಮಿ.ಮೀ. ಪಾದರಸದಷ್ಟು, ಅಂದರೆ ಸುಮಾರು 13.3 ಕಿಲೊಪಾಸ್ಕಲ್ ವ್ಯತ್ಯಾಸ ಬಂದರೆ, ಬಲೂನನ್ನು ಹೊರಕ್ಕೆ ತಳ್ಳುವ ಬಲ ಸುಮಾರು 5.5 ನ್ಯೂಟನ್. ಅರ್ಧ ಕಿಲೊಗ್ರಾಮಿಗೂ ಹೆಚ್ಚು ತೂಕವೊಂದು ಪ್ರತಿ ಬಡಿತಕ್ಕೂ ಅದನ್ನು ಗುದ್ದಿದಂತೆ! ಕವಾಟ ಇರಬೇಕಾದ ಜಾಗಕ್ಕಿಂತ ಕೆಲವೇ ಮಿಲಿಮೀಟರ್ ಮೇಲಕ್ಕೆ ಸರಿದರೆ ಹೃದಯಕ್ಕೇ ರಕ್ತ ಒದಗಿಸುವ ಕೊರೊನರಿ ಧಮನಿಗಳ ಬಾಯಿಗೆ ಅಡ್ಡಬರಬಹುದು. ಕೆಳಕ್ಕೆ ಸರಿದರೆ ದ್ವಿದಳ ಕವಾಟಕ್ಕೆ ತಗಲಬಹುದು. ಅಥವಾ ಅಲ್ಲೇ ಹಾದುಹೋಗುವ, ಬಡಿತದ ವಿದ್ಯುತ್ ಸಂಜ್ಞೆಯನ್ನು ಒಯ್ಯುವ ತಂತುಗಳ ಕಟ್ಟನ್ನು ಒತ್ತಬಹುದು. ಹಾಗಾದಾಗ ರೋಗಿಗೆ ಪೇಸ್‌ಮೇಕರ್ ಬೇಕಾಗುತ್ತದೆ.

ಬಿಟ್ಟು ಬರುವ ಪ್ರಶ್ನೆ

ಹೃದಯದೊಳಕ್ಕೆ ನಳಿಕೆ ತೂರಿಸಬಹುದೆಂದು ಮೊದಲು ತನ್ನ ಮೇಲೆಯೇ ತೋರಿಸಿಕೊಂಡವರು ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್. 1929ರಲ್ಲಿ ಅವರು ಮೂತ್ರನಾಳಕ್ಕೆ ಬಳಸುವ ಕ್ಯಾಥೆಟರ್ ಒಂದನ್ನು ತನ್ನ ತೋಳಿನ ಅಭಿಧಮನಿಯ ಮೂಲಕ ಹೃದಯದವರೆಗೆ ತೂರಿಸಿಕೊಂಡು, ಕ್ಷ-ಕಿರಣದ ಕೊಠಡಿಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡರು. ಅದಕ್ಕೆ ನೊಬೆಲ್ ಪ್ರಶಸ್ತಿ ಬಂದದ್ದು 1956ರಲ್ಲಿ.

ಕೃತಕ ಕವಾಟಗಳ ದಾರಿ ಬೇರೆಯಾಗಿತ್ತು. 1952ರಲ್ಲಿ ಅಮೆರಿಕದ ಚಾರ್ಲ್ಸ್ ಹಫ್ನಗೆಲ್ ಚೆಂಡಿನ ಕವಾಟವೊಂದನ್ನು ಎದೆಯೊಳಗೆ ಕೆಳಮುಖವಾಗಿ ಇಳಿಯುವ ಮಹಾಪಧಮನಿಯಲ್ಲಿ ಅಳವಡಿಸಿದರು. 1960ರಲ್ಲಿ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಸೇರಿ, ಪಂಜರದೊಳಗೆ ಚೆಂಡು ಇರುವ ಕವಾಟವನ್ನು ದ್ವಿದಳ ಕವಾಟದ ಜಾಗದಲ್ಲಿ ಕೂರಿಸಿದರು. ಇವೆಲ್ಲ ಎದೆ ತೆರೆದು ಮಾಡಿದ ಕೆಲಸಗಳು.

ಎರಡು ದಾರಿಗಳು ಮೊದಲು ಸಂಧಿಸಿದ್ದು 1965ರಲ್ಲಿ. ಹೈವೆಲ್ ಡೇವಿಸ್ ಎಂಬ ವೈದ್ಯರು ಕ್ಯಾಥೆಟರಿನ ತುದಿಗೆ ಪ್ಯಾರಾಷೂಟ್ ಆಕಾರದ ಕವಾಟವನ್ನು ಕಟ್ಟಿ ನಾಯಿಗಳ ಮಹಾಪಧಮನಿಯಲ್ಲಿ ಪ್ರಯೋಗಿಸಿದರು. ಸೋರುವ ಕವಾಟಕ್ಕೆ ತಾತ್ಕಾಲಿಕ ಉಪಶಮನ ಕೊಡುವುದಷ್ಟೇ ಅವರ ಉದ್ದೇಶ. ಆ ಕವಾಟ ಕೊನೆಯವರೆಗೂ ನಳಿಕೆಗೆ ಅಂಟಿಕೊಂಡೇ ಇತ್ತು. ಆದ್ದರಿಂದ ‘ಬಿಟ್ಟು ಬರುವ’ ಪ್ರಶ್ನೆಯೇ ಏಳಲಿಲ್ಲ. ದಾರಕಟ್ಟಿದ ಗಾಳಿಪಟ ಎಲ್ಲಿಗೆ ಹೋದೀತು?

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಕೊರೊನರಿ ಧಮನಿಯನ್ನು ಬಲೂನಿನಿಂದ ಹಿಗ್ಗಿಸಿದರು. ಬಲೂನು ಹೃದ್ರೋಗ ತಜ್ಞರ ಕೈಗೆ ಬಂತು. ಅದನ್ನು ಕವಾಟಕ್ಕೆ ಬಳಸಿದಾಗ ಜಾರುವ ತೊಂದರೆ ಎದುರಾಯಿತು. ಇದಕ್ಕೆ ಒಂದು ಸೊಗಸಾದ ಪರಿಹಾರ ಕಂಡುಹಿಡಿದವರು ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೋವೆ. ಸಂಧಿವಾತ ಜ್ವರದಿಂದ ಅಂಟಿಕೊಂಡ ದ್ವಿದಳ ಕವಾಟವನ್ನು ಬಿಡಿಸಲು ಅವರು ಮಾಡಿದ ಬಲೂನು ಒಮ್ಮೆಲೇ ಉಬ್ಬುವುದಿಲ್ಲ. ರಬ್ಬರಿನ ಪದರಗಳ ನಡುವೆ ನೈಲಾನ್ ಜಾಲರಿ ಇಟ್ಟು, ಅದರ ಭಾಗಗಳು ಒಂದಾದ ಮೇಲೊಂದು ಹಿಗ್ಗುವಂತೆ ಮಾಡಿದ್ದರು. ಮೊದಲು ಮುಂದಿನ ಅರ್ಧ ಹೃತ್ಕುಕ್ಷಿಯೊಳಗೆ ಉಬ್ಬುತ್ತದೆ. ವೈದ್ಯರು ಅದನ್ನು ಹಿಂದಕ್ಕೆ ಎಳೆದು ಕವಾಟಕ್ಕೆ ತಾಗಿಸುತ್ತಾರೆ. ಆಮೇಲೆ ಹಿಂದಿನ ಅರ್ಧ ಹೃತ್ಕರ್ಣದ ಕಡೆ ಉಬ್ಬುತ್ತದೆ. ಈಗ ಬಲೂನು ನಡು ಸಣ್ಣಗಿರುವ ಡಮರುಗದ ಹಾಗೆ ಕವಾಟವನ್ನು ಎರಡೂ ಕಡೆಯಿಂದ ಕಚ್ಚಿಹಿಡಿದಿರುತ್ತದೆ; ಜಾರುವ ಮಾತೇ ಇಲ್ಲ. ಕೊನೆಗೆ ನಡುಭಾಗ ಹಿಗ್ಗಿ ಕವಾಟವನ್ನು ಬಿಡಿಸುತ್ತದೆ. 1984ರಲ್ಲಿ ಈ ವಿಧಾನ ಪ್ರಕಟವಾಯಿತು. ಸಂಧಿವಾತ ಹೃದ್ರೋಗ ಹೆಚ್ಚಾಗಿರುವ ನಮ್ಮ ದೇಶದಲ್ಲಿ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯೂ ಸೇರಿದಂತೆ ಹಲವು ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳು ಇದರ ಲಾಭ ಪಡೆದಿದ್ದಾರೆ. ಹಿಡಿದು ನಿಲ್ಲುವ ಜಾಣತನವನ್ನು ಸಾಧನದ ಆಕಾರದಲ್ಲೇ ಇಟ್ಟ ಈ ಬಲೂನನ್ನು ಮುಂದಿನ ಅನೇಕ ಸಾಧನಗಳಿಗಿಂತ ನಾನು ಮೆಚ್ಚುತ್ತೇನೆ.

ಮಹಾಪಧಮನಿ ಕವಾಟ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. 1985ರಲ್ಲಿ ಫ್ರಾನ್ಸಿನ ರೂಆನ್ ನಗರದಲ್ಲಿ ಅಲೇನ್ ಕ್ರಿಬಿಯೇ ಅದನ್ನು ಬಲೂನಿನಿಂದ ಹಿಗ್ಗಿಸಿದರು. ರೋಗಿಗಳು ಚೇತರಿಸಿಕೊಂಡರು. ಆದರೆ ಬಹುತೇಕರಲ್ಲಿ ಒಂದು ವರ್ಷದೊಳಗೆ ಕವಾಟ ಮತ್ತೆ ಕಿರಿದಾಯಿತು. ಹಿಗ್ಗಿಸಿದರೆ ಸಾಲದು, ಹಿಗ್ಗಿದ ಜಾಗದಲ್ಲಿ ಏನನ್ನಾದರೂ ಬಿಟ್ಟು ಬರಬೇಕು ಎಂಬುದು ಸ್ಪಷ್ಟವಾಯಿತು.

ಕಸಾಯಿಖಾನೆಯ ಕವಾಟ, ಕೈಯಲ್ಲಿ ಬಾಗಿಸಿದ ತಂತಿ

ಈ ಯೋಚನೆಯನ್ನು ಮೊದಲು ಕಾರ್ಯಕ್ಕಿಳಿಸಿದವರು ಡೆನ್ಮಾರ್ಕಿನ ಹೆನ್ನಿಂಗ್ ರುಡ್ ಆಂಡರ್ಸನ್. 1989ರ ಫೆಬ್ರವರಿಯಲ್ಲಿ ಅಮೆರಿಕದ ಅರಿಜೋನಾದಲ್ಲಿ ನಡೆದ ಸಮ್ಮೇಳನವೊಂದಕ್ಕೆ ಅವರು ಹೋಗಿದ್ದರು. ಧಮನಿಗಳನ್ನು ತೆರೆದಿಡುವ ಲೋಹದ ಜಾಲರಿ, ಅಂದರೆ ಸ್ಟೆಂಟನ್ನು ಕುರಿತು ಜೂಲಿಯೊ ಪಾಲ್ಮಾಜ್ ಅಲ್ಲಿ ಉಪನ್ಯಾಸ ನೀಡಿದರು. ಜಾಲರಿಯನ್ನು ದೊಡ್ಡದು ಮಾಡಿ ಅದರೊಳಗೆ ಕವಾಟವನ್ನೇ ಹೊಲಿದರೆ ಹೇಗೆ ಎಂದು ಆಂಡರ್ಸನ್‌ಗೆ ಅಲ್ಲೇ ಹೊಳೆಯಿತು. ಊರಿಗೆ ಮರಳಿ ಉಕ್ಕಿನ ತಂತಿಯನ್ನು ಕೈಯಿಂದಲೇ ಬಾಗಿಸಿ ಚೌಕಟ್ಟು ಮಾಡಿದರು. ಕಸಾಯಿಖಾನೆಯಿಂದ ಹಂದಿಯ ಹೃದಯಗಳನ್ನು ತಂದು, ಅವುಗಳ ಕವಾಟಗಳನ್ನು ಬಿಡಿಸಿ ಚೌಕಟ್ಟಿಗೆ ಹೊಲಿದರು. ಬಲೂನಿನ ಮೇಲೆ ಅದುಮಿ, ಅದೇ ವರ್ಷ ಮೇ 1ರಂದು ಆರ್ಹುಸ್ ನಗರದಲ್ಲಿ ಜೀವಂತ ಹಂದಿಯೊಂದರಲ್ಲಿ ಕೂರಿಸಿದರು. ಉಪನ್ಯಾಸ ಕೇಳಿ ಮೂರು ತಿಂಗಳೂ ತುಂಬಿರಲಿಲ್ಲ.

ಅದನ್ನು ಒಳಗೆ ಕಳಿಸಲು ಬೇಕಾಗಿದ್ದ ನಳಿಕೆಯ ಅಳತೆ ಮಾತ್ರ 41 ‘ಫ್ರೆಂಚ್’. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಉಪಕರಣ ತಯಾರಕ ಷಾರಿಯೇರ್ ರೂಢಿಗೆ ತಂದ ಈ ಮಾನದಲ್ಲಿ ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೆಯ ಒಂದು ಭಾಗ. 41 ಫ್ರೆಂಚ್ ಎಂದರೆ ಸುಮಾರು 13.7 ಮಿ.ಮೀ. ಮನುಷ್ಯನ ತೊಡೆಯ ಧಮನಿ ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಅಷ್ಟೇ. ಕೆಲವು ಹಂದಿಗಳಲ್ಲಿ ಕೊರೊನರಿ ಧಮನಿಯ ರಕ್ತಪ್ರವಾಹಕ್ಕೂ ಅಡ್ಡಿಯಾಗಿತ್ತು. ಹೆಸರಾಂತ ಪತ್ರಿಕೆಗಳು ಅವರ ಲೇಖನವನ್ನು ಹಿಂದಿರುಗಿಸಿದವು. ಕೊನೆಗೆ 1992ರಲ್ಲಿ ಯುರೋಪಿನ ಹೃದ್ರೋಗ ಪತ್ರಿಕೆಯಲ್ಲಿ ಬೆಳಕು ಕಂಡಿತು. ಪೇಟೆಂಟ್ ಸಿಕ್ಕರೂ ಬಂಡವಾಳ ಹೂಡುವವರು ಬಹುಕಾಲ ಮುಂದೆ ಬರಲಿಲ್ಲ.

ರೂಆನ್‌ನಲ್ಲಿ ಕ್ರಿಬಿಯೇ ಮತ್ತೊಂದು ಕಡೆಯಿಂದ ಹೊರಟರು. ಹೊಲಿಗೆ ಇಲ್ಲದೆ ಕವಾಟ ನಿಲ್ಲುತ್ತದೆಯೆ? 1990ರ ದಶಕದ ಮೊದಲರ್ಧದಲ್ಲಿ, ಈ ಕಾಯಿಲೆಯಿದ್ದು ಮೃತರಾದವರ ಹೃದಯಗಳಲ್ಲಿ ಸ್ಟೆಂಟನ್ನು ಹಿಗ್ಗಿಸಿ, ಎಳೆದು ನೋಡಿದರು. ಸುಲಭಕ್ಕೆ ಕದಲಲಿಲ್ಲ. ಗಡುಸಾದ ಕ್ಯಾಲ್ಸಿಯಂ ಗಂಟುಗಳೇ ಜಾಲರಿಯನ್ನು ಹಿಡಿದುಕೊಂಡಿದ್ದವು. ರೋಗಕ್ಕೆ ಕಾರಣವಾದದ್ದೇ ಚಿಕಿತ್ಸೆಗೆ ಗೂಟವಾಯಿತು. ಚೌಕಟ್ಟಿನ ಎತ್ತರ ಒಂದೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿದ್ದರೆ ಕೊರೊನರಿ ಧಮನಿಗಳಿಗಾಗಲಿ ದ್ವಿದಳ ಕವಾಟಕ್ಕಾಗಲಿ ಅದು ಅಡ್ಡಬರುವುದಿಲ್ಲ ಎಂಬುದೂ ತಿಳಿಯಿತು. ಆದರೂ ದೊಡ್ಡ ಕಂಪನಿಗಳು ಒಪ್ಪಲಿಲ್ಲ. 1999ರಲ್ಲಿ ಕ್ರಿಬಿಯೇ, ಅಮೆರಿಕದ ಮಾರ್ಟಿನ್ ಲಿಯಾನ್ ಮತ್ತಿತರರು ಸೇರಿ ತಾವೇ ಸಣ್ಣ ಕಂಪನಿ ಕಟ್ಟಿದರು. ಎಂಜಿನಿಯರಿಂಗ್ ಕೆಲಸ ನಡೆದದ್ದು ಇಸ್ರೇಲಿನಲ್ಲಿ.

ಅಷ್ಟರಲ್ಲಿ, 2000ದಲ್ಲಿ, ಪ್ಯಾರಿಸ್ಸಿನಲ್ಲಿ ಫಿಲಿಪ್ ಬೊನ್‌ಹೋಫರ್ ಹನ್ನೆರಡು ವರ್ಷದ ಬಾಲಕನೊಬ್ಬನಿಗೆ ಹಸುವಿನ ಕತ್ತಿನ ಅಭಿಧಮನಿಯ ಕವಾಟವನ್ನು ನಳಿಕೆಯ ಮೂಲಕ ಪುಪ್ಪುಸ ಧಮನಿಯ ದಾರಿಯಲ್ಲಿ ಕೂರಿಸಿದ್ದರು. ಹೃದಯದ ಬಲಭಾಗದಲ್ಲಿ ಒತ್ತಡ ಕಡಿಮೆ. ಒಳಹೋಗುವ ಅಭಿಧಮನಿಯೂ ಅಗಲವಾದದ್ದು.

2002ರ ಏಪ್ರಿಲ್ 16ರಂದು ಕ್ರಿಬಿಯೇ ಅವರ ಸರದಿ. ರೋಗಿಗೆ 57 ವರ್ಷ. ಹೃದಯ ಸೋತುಹೋಗಿತ್ತು, ಶಸ್ತ್ರಚಿಕಿತ್ಸೆ ಸಾಧ್ಯವಿರಲಿಲ್ಲ. ಕಾಲಿನ ಧಮನಿಗಳೂ ಕಟ್ಟಿಕೊಂಡಿದ್ದರಿಂದ ನೇರ ದಾರಿಯೂ ಇಲ್ಲ. ಹೀಗಾಗಿ 24 ಫ್ರೆಂಚ್ ನಳಿಕೆಯನ್ನು ತೊಡೆಯ ಅಭಿಧಮನಿಯಿಂದ ಬಲ ಹೃತ್ಕರ್ಣಕ್ಕೆ ಒಯ್ದು, ಹೃತ್ಕರ್ಣಗಳ ನಡುಗೋಡೆಯನ್ನು ತೂತುಮಾಡಿ ಎಡಕ್ಕೆ ದಾಟಿ, ದ್ವಿದಳ ಕವಾಟದ ಮೂಲಕ ಹೃತ್ಕುಕ್ಷಿಗೆ ಇಳಿದು, ಅಲ್ಲಿಂದ ಮೇಲಕ್ಕೆ ತಿರುಗಿ ಮಹಾಪಧಮನಿ ಕವಾಟವನ್ನು ಮುಟ್ಟಿದರು. ಪಾಯಿಜಾಮದ ನೇಫಾದಲ್ಲಿ ಲಾಡಿ ಪೋಣಿಸಿದವರಿಗೆ ಇಷ್ಟು ತಿರುವುಗಳಲ್ಲಿ ತುದಿಯನ್ನು ನಡೆಸುವ ಕಷ್ಟ ಸ್ವಲ್ಪ ಅರ್ಥವಾದೀತು. ಹಸುವಿನ ಹೃದಯಾವರಣದಿಂದ ಮಾಡಿದ ಕವಾಟ ಕೂತೊಡನೆ ರಕ್ತದೊತ್ತಡ ಏರಿತು, ರೋಗಿ ಚೇತರಿಸಿಕೊಂಡರು. ಹದಿನೇಳು ವಾರಗಳ ನಂತರ ಬೇರೆ ತೊಡಕುಗಳಿಂದ ಅವರು ತೀರಿಕೊಂಡರು, ಕವಾಟ ಕೈಕೊಟ್ಟಿರಲಿಲ್ಲ.

ಹೃದಯವನ್ನು ಕ್ಷಣಕಾಲ ಸುಮ್ಮನಿರಿಸುವುದು

ಕ್ರಿಬಿಯೇ ಚಿಕಿತ್ಸೆ ನೀಡಿದ ಮೊದಲ ಆರು ರೋಗಿಗಳ ಪೈಕಿ ಒಬ್ಬರಲ್ಲಿ ಕವಾಟ ನಿಲ್ಲದೆ ಸರಿದುಹೋಯಿತು, ರೋಗಿ ಉಳಿಯಲಿಲ್ಲ. ಮೇಲೆ ಲೆಕ್ಕ ಹಾಕಿದ ಬಲದ ಎದುರು ಕೈಬಲ ಸಾಲದು. ಬಲವನ್ನೇ ಕುಗ್ಗಿಸಬೇಕು. ಅದಕ್ಕೆ ರೂಢಿಗೆ ಬಂದ ಉಪಾಯ ಮೊದಲು ಕೇಳಿದಾಗ ವಿಚಿತ್ರವೆನಿಸುತ್ತದೆ. ತಾತ್ಕಾಲಿಕ ಪೇಸ್‌ಮೇಕರಿನಿಂದ ಹೃದಯವನ್ನು ನಿಮಿಷಕ್ಕೆ 180ರಿಂದ 220 ಬಾರಿ ಬಡಿಯುವಂತೆ ಮಾಡುತ್ತಾರೆ. ಇಷ್ಟು ವೇಗದಲ್ಲಿ ಹೃತ್ಕುಕ್ಷಿಗೆ ರಕ್ತ ತುಂಬಿಕೊಳ್ಳಲು ಪುರಸೊತ್ತೇ ಇಲ್ಲ. ಖಾಲಿ ಪಂಪು ಒದರಾಡಿದಂತೆ ಅದು ನಡುಗುತ್ತದೆಯೇ ಹೊರತು ರಕ್ತವನ್ನು ತಳ್ಳುವುದಿಲ್ಲ. ಒತ್ತಡ ಕುಸಿಯುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ಬಲೂನನ್ನು ಉಬ್ಬಿಸಿ, ಇಳಿಸಿ, ಪೇಸ್‌ಮೇಕರ್ ನಿಲ್ಲಿಸಬೇಕು.

ಅಭಿಧಮನಿಯ ಸುತ್ತುದಾರಿ ಎಲ್ಲರ ಕೈಗೆ ಹತ್ತಲಿಲ್ಲ. ತೊಡೆಯ ಧಮನಿಯಿಂದ ರಕ್ತಪ್ರವಾಹಕ್ಕೆ ಎದುರಾಗಿ ಏರುವ ದಾರಿ ಚಿಕ್ಕದು. ಆದರೆ ಮಹಾಪಧಮನಿಯ ಕಮಾನಿನಲ್ಲಿ ಗಡುಸು ನಳಿಕೆ ಹೊರಗೋಡೆಯನ್ನು ಉಜ್ಜಿಕೊಂಡು ಹೋಗುತ್ತಿತ್ತು. ಅಲ್ಲಿಂದ ಎದ್ದ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಲೋವೆಲ್ ಎಡ್ವರ್ಡ್ಸ್ ಹಿಂದೆ ಸ್ಥಾಪಿಸಿದ್ದ ಸಂಸ್ಥೆಯಿಂದ ಬೆಳೆದ ಎಡ್ವರ್ಡ್ಸ್ ಲೈಫ್‌ಸೈನ್ಸಸ್ ಕಂಪನಿ 2004ರಲ್ಲಿ ಕ್ರಿಬಿಯೇ ತಂಡದ ಕಂಪನಿಯನ್ನು ಕೊಂಡಿತು. ಮರುವರ್ಷ ಕೆನಡಾದ ವ್ಯಾಂಕೂವರ್‌ನಲ್ಲಿ ಜಾನ್ ವೆಬ್ ಬಾಗುವ ತುದಿಯ ಕ್ಯಾಥೆಟರ್ ಬಳಸಲಾರಂಭಿಸಿದರು. ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಂತಿ ಎಳೆದು ತುದಿ ಕಮಾನಿಗೆ ತಕ್ಕಂತೆ ಬಾಗುತ್ತದೆ, ಗೋಡೆಗೆ ಒರಗುವುದಿಲ್ಲ. ಧಮನಿಗಳು ಕೆಟ್ಟವರಿಗೆ ಪಕ್ಕೆಲುಬುಗಳ ನಡುವಿನಿಂದ ಹೃದಯದ ತುದಿಯನ್ನೇ ಚುಚ್ಚಿ ಹೋಗುವ ವಿಧಾನವೂ ಆಗಲೇ ಬಂತು. ಗಿಡ್ಡ, ನೇರ ನಳಿಕೆ ಕೈಯ ಮಾತನ್ನು ಚೆನ್ನಾಗಿ ಕೇಳುತ್ತದೆ. ಆದರೆ ಹೃದಯದ ಸ್ನಾಯುವಿಗೆ ಗಾಯ ತಪ್ಪದು; ನಳಿಕೆಗಳು ಸಪೂರವಾದಂತೆ ಈ ದಾರಿ ಹಿಂದೆ ಬಿತ್ತು.

ಸೈಕಲ್ ಬ್ರೇಕಿನ ಪಾಠ

ಬಲೂನೇ ಬೇಡವೆಂದವರು ಫ್ರಾನ್ಸಿನ ಶಸ್ತ್ರವೈದ್ಯ ಜಾಕ್ ಸೆಗ್ಯಾಂ. 2001ರಲ್ಲಿ ಅವರು ಸ್ಥಾಪಿಸಿದ ‘ಕೋರ್‌ವಾಲ್ವ್’ ಕಂಪನಿ ನಿಟಿನಾಲ್ ಚೌಕಟ್ಟನ್ನು ಆರಿಸಿಕೊಂಡಿತು. ನಿಕ್ಕಲ್ ಮತ್ತು ಟೈಟಾನಿಯಂಗಳ ಈ ಮಿಶ್ರಲೋಹವನ್ನು ಬೆಳಕಿಗೆ ತಂದವರು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ವಿಲಿಯಂ ಬ್ಯೂಲರ್. 1961ರ ಸಭೆಯೊಂದರಲ್ಲಿ, ಮಡಿಸಿದ್ದ ನಿಟಿನಾಲ್ ಪಟ್ಟಿಗೆ ಅಧಿಕಾರಿಯೊಬ್ಬರು ತಮ್ಮ ಪೈಪಿನ ಲೈಟರ್ ತಾಗಿಸಿದಾಗ ಅದು ತಟ್ಟನೆ ನೆಟ್ಟಗಾಯಿತಂತೆ. ಕವಾಟದ ಚೌಕಟ್ಟನ್ನು ಮಂಜಿನಷ್ಟು ತಣ್ಣಗಿನ ಉಪ್ಪುನೀರಿನಲ್ಲಿ ಅದುಮಿ ನಳಿಕೆಗೆ ತುಂಬುತ್ತಾರೆ. ದೇಹದ ಶಾಖದಲ್ಲಿ, ಹೊರನಳಿಕೆಯನ್ನು ಹಿಂದಕ್ಕೆ ಎಳೆದಂತೆಲ್ಲ ಅದು ತಾನೇ ಅರಳುತ್ತದೆ. ರಕ್ತದ ದಾರಿ ಪೂರ್ತಿ ಮುಚ್ಚುವುದಿಲ್ಲ, ಅವಸರವಿಲ್ಲ. ಸುಮಾರು ಐದು ಸೆಂ.ಮೀ. ಉದ್ದದ ಚೌಕಟ್ಟು ಕೆಳಗೆ ಕವಾಟದ ಬಳಿಯೂ ಮೇಲೆ ಮಹಾಪಧಮನಿಯ ಗೋಡೆಗೂ ಒತ್ತಿ ನಿಲ್ಲುತ್ತದೆ. ಇದನ್ನು ಮನುಷ್ಯನಲ್ಲಿ ಮೊದಲು ಕೂರಿಸಿದ್ದು 2004ರ ಜುಲೈನಲ್ಲಿ, ನಮ್ಮ ದೇಶದಲ್ಲಿ. ಮೊದಲ 25 ಫ್ರೆಂಚ್ ನಳಿಕೆ ಬಳಿಕ 21ಕ್ಕೆ, ಆಮೇಲೆ 18ಕ್ಕೆ ಇಳಿಯಿತು.

ಆದರೆ ಹೊಸ ತೊಡಕು ಬಂತು. ಹೊರನಳಿಕೆಯನ್ನು ಎಳೆಯುವಾಗ ಕವಾಟ ಜಾಗ ಬಿಟ್ಟು ಕದಲುತ್ತಿತ್ತು. ಸೈಕಲ್ಲಿನ ಬ್ರೇಕ್ ಕೇಬಲನ್ನು ಗಮನಿಸಿದವರಿಗೆ ಇದರ ಕಾರಣ ಗೊತ್ತು. ಒಳಗಿನ ತಂತಿಯನ್ನು ಎಳೆದಾಗ ಹೊರಗಿನ ಕವಚವೂ ಸುಮ್ಮನಿರುವುದಿಲ್ಲ. ಪ್ರತಿಬಲದಿಂದ ಬಾಗುತ್ತದೆ, ಮಿಸುಕುತ್ತದೆ. ಕ್ಯಾಥೆಟರಿನಲ್ಲೂ ಹಾಗೆಯೇ. ಒಂದು ಮೀಟರಿಗೂ ಹೆಚ್ಚು ಉದ್ದದ ನಳಿಕೆ ತೊಡೆಯಲ್ಲಿ, ಕಮಾನಿನಲ್ಲಿ ಉಜ್ಜಿಕೊಂಡಿರುತ್ತದೆ. ಆ ಘರ್ಷಣೆಯಿಂದ ಸಾಧನದಲ್ಲಿ ಬಿಗಿ ಕೂಡಿಕೊಂಡು, ಬಿಡುಗಡೆಯ ಹೊತ್ತಿಗೆ ತುದಿಯಲ್ಲಿ ಜಿಗಿತವಾಗಿ ಹೊರಬೀಳುತ್ತದೆ. ವೈದ್ಯರ ಕೈ ನಿಶ್ಚಲವಾಗಿದ್ದರೂ ಕವಾಟ ನಿಶ್ಚಲವಲ್ಲ! 2009ರಲ್ಲಿ ಮೆಡ್‌ಟ್ರಾನಿಕ್ ಈ ಕಂಪನಿಯನ್ನು ಕೊಂಡಿತು. 2010ರ ಸುಮಾರಿಗೆ ಬಂದ ‘ಅಕ್ಯುಟ್ರ್ಯಾಕ್’ ಸಾಧನದಲ್ಲಿ ಹಿಡಿಕೆಗೆ ಬಿಗಿದ ಮೂರನೆಯ, ಕದಲದ ಪದರವೊಂದನ್ನು ಹೊರಗೆ ಸೇರಿಸಿದರು. ಘರ್ಷಣೆಯೆಲ್ಲ ಆ ಪದರಕ್ಕೆ. ಅದರೊಳಗೆ ಎಳೆಯುವ ನಳಿಕೆ ಸಲೀಸಾಗಿ ಜಾರುತ್ತದೆ. ಕವಾಟದಲ್ಲಿ ಏನನ್ನೂ ಬದಲಿಸದೆ, ಅದು ಕೂರುವ ಜಾಗವನ್ನು ಹೆಚ್ಚು ಖಚಿತಗೊಳಿಸಿದ ಬದಲಾವಣೆ ಇದು. 2014ರ ನಂತರ ಬಂದ ಮಾದರಿಯಲ್ಲಿ ಸುಮಾರು ಶೇ. 80ರಷ್ಟು ಬಿಡಿಸಿದ ಮೇಲೂ ಕವಾಟವನ್ನು ಮತ್ತೆ ಒಳಗೆಳೆದುಕೊಂಡು ಸರಿಯಾಗಿ ಕೂರಿಸಲು ಸಾಧ್ಯವಾಯಿತು.

ಬಲೂನಿನ ಪಂಗಡದವರೂ ಸುಮ್ಮನೆ ಕೂರಲಿಲ್ಲ. ಬಲೂನಿನ ಮೇಲೆ ಕವಾಟ ಅದುಮಿದರೆ ಎರಡರ ದಪ್ಪವೂ ಕೂಡುತ್ತದೆ. ಹಾಗಾಗಿ ಕವಾಟವನ್ನು ಬಲೂನಿನ ಹಿಂದೆ, ಬರಿಯ ದಂಡದ ಮೇಲೆ ಇಟ್ಟು, ಸಪೂರ ಧಮನಿಯನ್ನು ದಾಟಿದ ಮೇಲೆ ವಿಶಾಲವಾದ ಮಹಾಪಧಮನಿಯಲ್ಲಿ ಬಲೂನಿನ ಮೇಲಕ್ಕೆ ಸರಿಸುವ ಏರ್ಪಾಟು ಮಾಡಿದರು. ಕವಾಟ ಹಾದುಹೋಗುವಾಗ ಮಾತ್ರ ಹಿಗ್ಗಿ ಮತ್ತೆ ಕುಗ್ಗುವ ಹೊರನಳಿಕೆಯೂ ಬಂತು. 14 ಫ್ರೆಂಚ್ ಸಾಕಾಯಿತು. 2010ರಲ್ಲಿ ಪ್ರಕಟವಾದ ‘ಪಾರ್ಟ್ನರ್’ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಒಗ್ಗದ 358 ರೋಗಿಗಳಿದ್ದರು. ರೂಢಿಯ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದೊಳಗೆ ಶೇ. 50.7ರಷ್ಟು, ನಳಿಕೆಯಿಂದ ಕವಾಟ ಹಾಕಿಸಿಕೊಂಡವರಲ್ಲಿ ಶೇ. 30.7ರಷ್ಟು ಮಂದಿ ತೀರಿಕೊಂಡಿದ್ದರು.

ಈಗ ಲೋಟಸ್ ಕವಾಟದ ಕಡೆಗೆ ಮತ್ತೆ ತಿರುಗಿದರೆ ಅದರ ಸೋಲು ಅರ್ಥವಾಗುತ್ತದೆ. ಪೂರ್ತಿ ಅರಳಿಸಿ, ಕೆಲಸ ನೋಡಿ, ಹಿಡಿಸದಿದ್ದರೆ ಪೂರ್ತಿ ಹಿಂದಕ್ಕೆ ಪಡೆಯುವುದು ಅದರ ಆಸೆ. ಅದಕ್ಕಾಗಿ ಹೆಣೆದ ನಿಟಿನಾಲ್ ಚೌಕಟ್ಟನ್ನು ಉದ್ದಕ್ಕೆ ಎಳೆದು ಗಿಡ್ಡ ಮಾಡಿ, ಕೊಂಡಿಗಳಲ್ಲಿ ಬೀಗ ಹಾಕಿ, ಆಮೇಲೆ ಪಿನ್ನುಗಳನ್ನು ಬಿಡಿಸಬೇಕಿತ್ತು. ಪ್ರತಿ ಕೊಂಡಿಯೂ ಕೆಟ್ಟುಹೋಗಬಹುದಾದ ಒಂದು ಜಾಗ. ಕವಾಟವನ್ನು ಸಾಧನಕ್ಕೆ ಹಿಡಿದಿಡುವ ಪಿನ್ ಹೊತ್ತಿಗೆ ಮೊದಲೇ ಕಳಚಿದ ವರದಿಗಳಿಂದ 2017ರಲ್ಲೇ ಒಮ್ಮೆ ಅದನ್ನು ಹಿಂದಕ್ಕೆ ಪಡೆದಿದ್ದರು. ಹೆಚ್ಚು ಹಿಡಿತ ಬಯಸಿದ ಸಾಧನ ಬಿಡುವುದರಲ್ಲಿ ಎಡವಿತು.

ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ‘ಮೈವಾಲ್’ ಕವಾಟಕ್ಕೆ 2018ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ಅದರ ದಾರಿ ಸರಳ. ಕವಾಟವನ್ನು ಹೊರಗೇ ಬಲೂನಿನ ಮೇಲೆ ನೇರವಾಗಿ ಅದುಮಿ, ಅದು ದಾರಿಯಲ್ಲಿ ಸರಿಯದಂತೆ ಎರಡೂ ಕಡೆ ತಡೆಗಳನ್ನು ಇಟ್ಟಿದ್ದಾರೆ. ಉಬ್ಬಿಸಿದಾಗ ಬಲೂನಿನ ಎರಡು ತುದಿಗಳು ಮೊದಲು ಹಿಗ್ಗಿ ನಡುವೆ ಕವಾಟವನ್ನು ಹಿಡಿದುಕೊಳ್ಳುತ್ತವೆ. ಇನೋವೆ ಅವರ ಡಮರುಗ ಇಲ್ಲಿ ಮತ್ತೆ ನೆನಪಾಗುತ್ತದೆ. ಹೆಸರುವಾಸಿ ಕವಾಟಗಳೊಂದಿಗೆ ಹೋಲಿಸಿದ ಅಧ್ಯಯನದ ಫಲಿತಾಂಶ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು; ಅವುಗಳಿಗಿಂತ ಇದು ಕಡಿಮೆಯೇನಲ್ಲ ಎಂದು ತೋರಿಬಂತು. ಅದೇ ವರ್ಷ ಫೆಬ್ರವರಿಯಲ್ಲಿ ಕ್ರಿಬಿಯೇ ನಿಧನರಾದರು.

ದ್ವಿದಳ ಕವಾಟವನ್ನು ನಳಿಕೆಯಿಂದ ಬದಲಾಯಿಸುವುದು ಇನ್ನೂ ಬಿಗಿಯಾದ ಗಂಟು. ಅದರ ಬಾಯಿ ದುಂಡಗಿಲ್ಲ, ಹಿಡಿದುಕೊಳ್ಳಲು ಕ್ಯಾಲ್ಸಿಯಮ್ಮಿನ ಗಟ್ಟಿ ಬಳೆಯೂ ಸಾಮಾನ್ಯವಾಗಿ ಇರುವುದಿಲ್ಲ. ಬಡಿತಕ್ಕೊಮ್ಮೆ ಆಕಾರ ಬದಲಾಗುತ್ತದೆ. 2020ರಲ್ಲಿ ಯುರೋಪಿನ ಒಪ್ಪಿಗೆ ಪಡೆದ ‘ಟೆಂಡೈನ್’ ಕವಾಟವನ್ನು ಹೃದಯದ ತುದಿಗೆ ಒಂದು ದಾರದಿಂದ ಕಟ್ಟಿ ನಿಲ್ಲಿಸುತ್ತಾರೆ. ಸಂಧಿವಾತದಿಂದ ಆ ಕವಾಟ ಅಂಟಿಕೊಂಡ ನಮ್ಮ ರೋಗಿಗಳಿಗೆ, ದಳಗಳು ಇನ್ನೂ ಮೆತ್ತಗಿರುವಾಗಲೇ ಬಂದರೆ, ವೈದ್ಯರು ಇಂದಿಗೂ ಬಳಸುವುದು ಬಲೂನನ್ನೇ.